ಹಗಲು ಹೇಳಿದ ಇಂಗ್ಲಿಷ್ ಕಥೆ

ರಜೆ ಬಂತೆಂದರೆ ಹಿಗ್ಗುವವರ ಜಾತಿಗೆ ನಾನು ಸೇರಿದವಳಲ್ಲ. ನಿವೃತ್ತಳಾಗಿ, ಇಡೀ ವರ್ಷವೇ ರಜೆಯಾಗಿರುವ ಈಗಲೂ ದಸರಾ ಹತ್ತಿರ ಬಂದರೆ ಏನೋ ಬರೆಯುವುದು ಬಾಕಿ ಉಳಿದಿದೆ ಎಂಬ ಅಳುಕು ಹೊಟ್ಟೆಯಲ್ಲಿ ಶುರುವಾಗುತ್ತದೆ. ಡಾಕ್ಟರು ಅದನ್ನು ಗ್ಯಾಸ್ ಎಂದು ಮಾತ್ರೆ ಕೊಟ್ಟಿದ್ದಾರೆ. ನನಗೆ ಗೊತ್ತು, ಅದು ಇಂಗ್ಲಿಷ್ ಪ್ರಾಜೆಕ್ಟು.

ಈ ಸಲ ಅಳುಕಿಗೆ ಕಾರಣವೂ ಸಿಕ್ಕಿತು. ಮಗಳ ಮಗಳು ಅನನ್ಯ ರಜೆಗೆಂದು ಚಿತ್ರದುರ್ಗದ ನಮ್ಮ ಮನೆಗೆ ಬಂದಿಳಿದಳು. ಒಂಬತ್ತನೇ ತರಗತಿ. ಬಟ್ಟೆಯ ಬ್ಯಾಗು ಬಗಲಲ್ಲಿ ಹಿಡಿಸುವಷ್ಟು. ಪ್ರಾಜೆಕ್ಟಿನ ಬ್ಯಾಗಿಗೆ ಆಟೊದಲ್ಲಿ ಬೇರೆ ಸೀಟು. ಥರ್ಮೊಕೋಲು, ಚಾರ್ಟು, ಮಿಂಚಿನ ಪುಡಿ, ಅಂಟು ಎಲ್ಲವೂ ಅದರೊಳಗಿದ್ದವು. ಎರಡನೇ ದಿನಕ್ಕೇ ಮಿಂಚಿನ ಪುಡಿ ನಮ್ಮ ಸಾರಿನಲ್ಲೂ ಮಿಂಚತೊಡಗಿತು. ಇವೆಲ್ಲದರ ನಡುವೆ ಇಂಗ್ಲಿಷಿನದು ಮಾತ್ರ ಬೇರೆ ಥರ ಇತ್ತು. ಒಂದು ಇಂಗ್ಲಿಷ್ ಕಥೆ ಓದಿ, ಅದನ್ನು ಮನೆಯ ಹಿರಿಯರಿಗೆ ಹೇಳಿ, ಕೇಳಿದವರು ಏನೆಂದರು ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯಬೇಕು, ಜೊತೆಗೆ ವಿಡಿಯೊ.

"ಇದು ಹೊಸ ಥರದ ಎಜುಕೇಶನ್ ಅಜ್ಜಿ, ನಿಮ್ ಕಾಲದಲ್ಲಿ ಇರಲಿಲ್ಲ," ಎಂದಳು.

ನಾನು ನಕ್ಕೆ. ಬೆಳಕು ಚೆನ್ನಾಗಿರುವಾಗಲೇ ಮುಗಿಸಿಬಿಡೋಣ ಎಂದು ಅವಳು ಮಟಮಟ ಮಧ್ಯಾಹ್ನ ಕಿಟಕಿಯ ಪಕ್ಕ ಕುರ್ಚಿ ಹಾಕಿ, ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸಿ ಅದರ ಮೇಲೆ ಫೋನು ನಿಲ್ಲಿಸಿದಳು. ಕಥೆ ಶುರು ಮಾಡಲು ಬಾಯಿ ತೆರೆಯುವುದಕ್ಕೂ ನಾನು "ತಡಿಯೇ" ಎನ್ನುವುದಕ್ಕೂ ಸರಿಹೋಯಿತು. ಯಾಕೆ ತಡೆದೆ ಎಂದು ನಿಮಗೆ ತಿಳಿಯಬೇಕಾದರೆ ನಾನು ನಮ್ಮಜ್ಜಿಯನ್ನು ಕರೆತರಬೇಕು. ಅವಳು ಬಂದರೆ ಬೇಗ ಹೋಗುವವಳಲ್ಲ, ಸ್ವಲ್ಪ ಆರಾಮಾಗಿ ಕೂತುಕೊಳ್ಳಿ.

ನನ್ನ ಅಪ್ಪನದು ಹಿರಿಯೂರಿನ ಕಡೆ, ಮಾರಿಕಣಿವೆ ಅಣೆಕಟ್ಟಿನ ಹಿನ್ನೀರಿನ ಹತ್ತಿರದ ಒಂದು ಹಟ್ಟಿ. ಕುರಿ ಸಾಕಿಕೊಂಡು ಬಂದ ಮನೆ. ಅಲ್ಲಿ ಹೈಸ್ಕೂಲು ಇರಲಿಲ್ಲವಾದ್ದರಿಂದ ನನ್ನನ್ನು ಅಮ್ಮನ ತವರಿಗೆ ಕಳಿಸಿದ್ದರು. ಅದು ಶ್ರೀರಾಂಪುರದಿಂದ ನಡೆದು ಹೋಗಬಹುದಾದ ಹಳ್ಳಿ. ಆ ಮನೆಯಲ್ಲಿ ಇದ್ದವರು ಅಮ್ಮನ ಅಮ್ಮ, ಅಂದರೆ ಅಜ್ಜಿ; ಅಮ್ಮನ ತಮ್ಮ ಕೆಂಚಪ್ಪ ಮಾವ; ಮತ್ತೆ ನಾನು. ಊರೊಳಗೆ ಕರೆಂಟಿನ ಕಂಬ ಬಂದು ನಿಂತಿತ್ತು, ಮನೆಗೆ ತಂತಿ ಬಂದಿರಲಿಲ್ಲ. ಸೀಮೆಎಣ್ಣೆ ಸೊಸೈಟಿಯವರು ಕೊಟ್ಟಷ್ಟು. ಅಜ್ಜಿ ಬುಡ್ಡಿ ದೀಪವನ್ನು ಊಟಕ್ಕೆ ಹಚ್ಚಿ, ಊಟ ಮುಗಿಯುತ್ತಲೇ ಊದಿಬಿಡುವಳು. "ಬಾಯಿಗೆ ದಾರಿ ಕಂಡ್ರೆ ಸಾಕು," ಎನ್ನುವಳು.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲಿ ಮಕಾಡೆ ಮಲಗಿದೆ. ಬಂದ ಅಂಕಗಳನ್ನು ಇಲ್ಲಿ ಹೇಳುವುದಿಲ್ಲ. ಮುಂದೆ ಹೊಳಲ್ಕೆರೆಯಲ್ಲಿ ಅಷ್ಟು ವರ್ಷ ಇಂಗ್ಲಿಷ್ ಮೇಡಂ ಎನ್ನಿಸಿಕೊಂಡವಳ ಮಾನದ ಪ್ರಶ್ನೆ. ಸುದ್ದಿ ಅಪ್ಪನಿಗೆ ಮುಟ್ಟಿತು. ಅಕ್ಕನಿಗೆ ಗಂಡು ಗೊತ್ತಾಗಿತ್ತು, ಅವಳು ಹೋದರೆ ಹಟ್ಟಿಯಲ್ಲಿ ಎಳೆಮರಿಗಳನ್ನು ನೋಡಿಕೊಳ್ಳುವವರು ಬೇಕಾಗಿತ್ತು. ಅಪ್ಪ ಹೇಳಿ ಕಳಿಸಿದ: "ತಲೆಗೆ ಹತ್ತದೇ ಇರೋದನ್ನ ಯಾಕೆ ತುರುಕಬೇಕು? ಹಬ್ಬಕ್ಕೆ ಬರ್ತೀನಿ. ಅಜ್ಜಿ ಓದ್ಲಿ ಅಂದ್ರೆ ಅಲ್ಲಿರ್ಲಿ, ಬ್ಯಾಡ ಅಂದ್ರೆ ಕರ್ಕಂಡ್ ಬರ್ತೀನಿ." ಅಪ್ಪನಿಗೆ ಅತ್ತೆ ಎಂದರೆ ಹೈಕೋರ್ಟು. ಹೈಕೋರ್ಟಿಗೆ ಇಂಗ್ಲಿಷ್ ಎಂದರೆ ಏನು ಎಂಬುದೇ ಗೊತ್ತಿರಲಿಲ್ಲ. ನನಗೆ ಮರಿಗಳೆಂದರೆ ಪ್ರಾಣ, ಆದರೆ ಶಾಲೆ ಬಿಡಲು ಮಾತ್ರ ಮನಸ್ಸಿರಲಿಲ್ಲ. ಯಾಕೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ, ಅಷ್ಟೆ.

ನಮ್ಮ ಇಂಗ್ಲಿಷ್ ಮೇಷ್ಟ್ರು ದುರ್ಗದಿಂದ ಬಂದವರು. ಬಿಸಿಲಿಗೂ ಮಳೆಗೂ ಒಂದೇ ಕೊಡೆ, ಎಲ್ಲರ ಮೇಲೂ ಒಂದೇ ನಗೆ. ರಜೆ ಬಿಡುವ ದಿನ ಅವರು ನಮಗೆ ಪ್ರಾಜೆಕ್ಟ್ ಕೊಟ್ಟರು. ಆ ಕಾಲಕ್ಕೆ ನಮ್ಮ ಕಡೆ ಪ್ರಾಜೆಕ್ಟ್ ಎಂದರೆ ಅಣೆಕಟ್ಟು ಕಟ್ಟುವ ಕೆಲಸ. ನಾವೆಲ್ಲ ಗಾಬರಿಯಾದೆವು. ಮೇಷ್ಟ್ರು ಬಿಡಿಸಿ ಹೇಳಿದರು: ಶಾಲೆಯ ಟ್ರಂಕಿನಲ್ಲಿರುವ ಇಂಗ್ಲಿಷ್ ಕಥೆ ಪುಸ್ತಕಗಳಲ್ಲಿ ಒಂದನ್ನು ತೆಗೆದುಕೊಂಡು ಹೋಗಬೇಕು. ಮನೆಯ ಹಿರಿಯರಿಗೆ ಮೊದಲು ಇಂಗ್ಲಿಷಿನಲ್ಲಿ ಓದಿ, ಆಮೇಲೆ ಕನ್ನಡದಲ್ಲಿ ಹೇಳಬೇಕು. ಅವರು ಏನೆಂದರು ಎಂಬುದನ್ನು ಇಂಗ್ಲಿಷಿನಲ್ಲಿ ಬರೆದು ಅವರ ರುಜುವನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಂಡು ಬರಬೇಕು. ನನ್ನನ್ನು ಬೇರೆ ಕರೆದು, "ಇದನ್ನ ನೆಟ್ಟಗೆ ಮಾಡಿದರೆ ಮಾರ್ಕ್ಸು ನಾನು ಸರಿಮಾಡ್ತೀನಿ," ಎಂದರು. ಎಂಥ ಹೊಸ ಎಜುಕೇಶನ್ ನೋಡಿ, ಅಷ್ಟು ಹಿಂದೆಯೇ.

ಪುಸ್ತಕ ಹಿಡಿದು ಮನೆಗೆ ಓಡಿದೆ. ಅಜ್ಜಿ ಅಂಗಳದಲ್ಲಿ ಶೇಂಗಾ ಬಳ್ಳಿಯಿಂದ ಕಾಯಿ ಬಿಡಿಸುತ್ತ ಕೂತಿದ್ದಳು. ವಿಷಯ ಹೇಳಿದೆ. ಅಜ್ಜಿ ಕೈ ನಿಲ್ಲಿಸಿದಳು.

"ಹಗಲೊತ್ತು ಕಥೆ ಹೇಳ್ಬಾರ್ದು ಅಂತ ಗೊತ್ತಿಲ್ವೇನೇ? ಸೋದ್ರಮಾವ ದಾರಿ ತಪ್ತಾನೆ."

ಈ ಮಾತನ್ನು ಕೇಳದೆ ಬೆಳೆದ ಕನ್ನಡದ ಮಕ್ಕಳು ಕಡಿಮೆ. ಇದನ್ನು ಹುಟ್ಟುಹಾಕಿದವಳು ಯಾರೋ ಮಹಾ ಜಾಣೆ ಇರಬೇಕು. ಹಗಲೆಲ್ಲ ಕಥೆ ಕೇಳುತ್ತ ಕೂತರೆ ಕಳೆ ಕೀಳುವವರು ಯಾರು, ರಾಗಿ ಬೀಸುವವರು ಯಾರು? ಅದು ಸರಿ, ಆದರೆ ದಾರಿ ತಪ್ಪಲು ಸೋದರಮಾವನನ್ನೇ ಯಾಕೆ ಆರಿಸಿದಳು? ನಾನು ಇದನ್ನು ಬಹಳ ಯೋಚಿಸಿದ್ದೇನೆ. ಅಪ್ಪ ದಾರಿ ತಪ್ಪುತ್ತಾನೆ ಎಂದರೆ ಒಂದು ದಿನದ ಬೈಗುಳ ತಪ್ಪಿತೆಂದು ಕೆಲವು ಮಕ್ಕಳು ಬೇಕೆಂದೇ ಕಥೆ ಹೇಳಬಹುದು. ದೊಡ್ಡಪ್ಪ ಚಿಕ್ಕಪ್ಪಂದಿರ ವಿಷಯ ಹೊಲದ ಬದುವಿನ ಜಗಳ ಎಲ್ಲಿಗೆ ಬಂದಿದೆ ಎಂಬುದರ ಮೇಲೆ ನಿಂತಿರುತ್ತದೆ. ಹಬ್ಬಕ್ಕೆ ಲಂಗದ ಬಟ್ಟೆ ತರುವವನು, ಜಾತ್ರೆಯಲ್ಲಿ ಹೆಗಲ ಮೇಲೆ ಕೂರಿಸಿಕೊಳ್ಳುವವನು, ಬೈಯಲು ಬಾರದವನು ಸೋದರಮಾವ ಒಬ್ಬನೇ. ಅವನನ್ನು ಪಣಕ್ಕಿಟ್ಟರೆ ಯಾವ ಮಗುವೂ ಬಾಯಿ ಬಿಡುವುದಿಲ್ಲ. ಅದರಲ್ಲೂ ನಮ್ಮ ಕೆಂಚಪ್ಪ ಮಾವ ಕುರಿ ಹೊಡೆದುಕೊಂಡು ಊರೂರು ಅಲೆಯುವವನು. ಕೊಯ್ಲಾದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿಮಂದೆ ನಿಲ್ಲಿಸಲು ಮಾರಿಕಣಿವೆಯ ಕಡೆ ಹೋಗಿದ್ದ. ದಾರಿಯೇ ಅವನ ಜೀವನ. ಅವನನ್ನೇ ದಾರಿ ತಪ್ಪಿಸುವುದೆಂದರೆ ಸಣ್ಣ ಪಾಪವೇ?

ಹಾಗಾಗಿ ನನಗೆ ಬಂದೊದಗಿದ ಸಂಕಟ ಹೀಗಿತ್ತು. ಹಗಲು ಓದಬಹುದು, ಹೇಳುವಂತಿಲ್ಲ. ಕತ್ತಲಾದ ಮೇಲೆ ಹೇಳಬಹುದು, ಓದುವಂತಿಲ್ಲ, ದೀಪ ಊದಿರುತ್ತದೆ. ಹೈಕೋರ್ಟಿನ ಮುಂದೆ ಅರ್ಜಿ ಇಟ್ಟೆ. ಅಜ್ಜಿ ಎರಡು ಹಿಡಿ ಶೇಂಗಾ ಬಿಡಿಸುವಷ್ಟು ಹೊತ್ತು ಯೋಚಿಸಿ ತೀರ್ಪು ಕೊಟ್ಟಳು.

"ಇಂಗ್ಲೀಷಲ್ಲಿ ಹಗಲೇ ಓದು. ತಿಳೀದೇ ಇರೋದು ಕಥೆ ಹೆಂಗಾತೈತೆ? ಕಾಗೆ ಕೂಗಿದಂಗೆ ಅದು. ಕನ್ನಡದಾಗೆ ಮಾತ್ರ ದೀಪ ಹಚ್ಚಿದ ಮ್ಯಾಲೆ ಹೇಳು."

ಹೀಗೆ ನಮ್ಮ ಅಂಗಳದಲ್ಲಿ ಇಂಗ್ಲಿಷ್ ಓದು ಶುರುವಾಯಿತು. ನಾನು ಗಟ್ಟಿಯಾಗಿ ಓದುವೆ, ಅಜ್ಜಿ ಕಾಯಿ ಬಿಡಿಸುವಳು. ಶೇಂಗಾ ಕದಿಯಲು ಬರುತ್ತಿದ್ದ ಅಳಿಲುಗಳು ನನ್ನ ಉಚ್ಚಾರಣೆಗೆ ಹೆದರಿ ಹತ್ತಿರ ಸುಳಿಯುತ್ತಿರಲಿಲ್ಲ. ತಿಳಿಯದ ಮಾತುಗಳಿಗೆ ಮೇಷ್ಟ್ರ ಹಳೆಯ ಡಿಕ್ಷನರಿ ಇತ್ತು. ಸಂಜೆ ಊಟದ ಹೊತ್ತಿಗೆ ಅಷ್ಟನ್ನು ಕನ್ನಡ ಮಾಡಿ ತಲೆಯಲ್ಲಿಟ್ಟುಕೊಂಡಿರಬೇಕು. ಪರೀಕ್ಷೆಗೆ ನಾನು ಹಾಗೆ ಓದಿದ್ದರೆ ಫೇಲಾಗುತ್ತಲೇ ಇರಲಿಲ್ಲ.

ಕಥೆಯಲ್ಲಿ ಇದ್ದವಳು ಮಾರ್ಥಾ ಎಂಬ ಮುದುಕಿ. ಸಮುದ್ರದ ಪಕ್ಕದ ಬಂಡೆಯ ಮೇಲೆ ಅವಳ ಮನೆ, ಒಬ್ಬನೇ ಮಗ, ಮೀನು ಹಿಡಿಯುವವನು. ಅಜ್ಜಿ ಮೊದಲನೇ ಸಂಜೆಯೇ ಅವಳಿಗೆ ಮಾರಕ್ಕ ಎಂದು ಹೆಸರಿಟ್ಟು ನಮ್ಮವಳನ್ನಾಗಿ ಮಾಡಿಕೊಂಡಳು. ತೊಡಕಾದದ್ದು ಸಮುದ್ರ.

"ಮಾರಿಕಣಿವೆ ನೋಡಿದೀಯಲ್ಲಜ್ಜಿ, ಅಂಗೆ. ಆದ್ರೆ ಆಚೆ ದಡ ಇಲ್ಲ," ಎಂದೆ.

"ಆಚೆ ದಡ ಇಲ್ದಿದ್ ಮ್ಯಾಲೆ ಕೋಡಿ ಎಲ್ಲಿ ಬೀಳ್ತೈತೆ?"

ಸಮುದ್ರದ ಕೋಡಿ ಎಲ್ಲಿ ಬೀಳುತ್ತದೆ ಎಂಬುದು ನನಗೆ ಇವತ್ತಿಗೂ ತಿಳಿಯದು. ಅಷ್ಟೊಂದು ಮಂಜು ಕವಿಯುವ ಊರಲ್ಲಿ ಮನೆ ಯಾಕೆ ಕಟ್ಟಿಕೊಂಡರು, ಮಗನಿಗೆ ಇನ್ನೂ ಯಾಕೆ ಮದುವೆ ಮಾಡಿಲ್ಲ ಎಂದೆಲ್ಲ ಅಜ್ಜಿ ಕೇಳುವಳು. ಆದರೂ ಹ್ಞೂಂಗುಟ್ಟುವುದನ್ನು ಬಿಡಲಿಲ್ಲ. ಹ್ಞೂಂ ಇಲ್ಲದ ಕಥೆ ಗೋಡೆಗೆ ಹೇಳಿದಂತೆ ಎನ್ನುವವಳು ಅವಳು. ಮೊದಮೊದಲು ಆ ಹ್ಞೂಂ ಸಾಲ ವಾಪಸು ಕೊಡುವವರ ಹ್ಞೂಂ. ಒಂದೆರಡು ಸಂಜೆ ಕಳೆಯುವ ಹೊತ್ತಿಗೆ ನಾನು ಉಸಿರು ತೆಗೆದುಕೊಳ್ಳುವ ಮೊದಲೇ ಹ್ಞೂಂ ಬರುತ್ತಿತ್ತು.

ಒಂದು ದಿನ ಮಾರಕ್ಕನ ಮಗ ಸಮುದ್ರಕ್ಕೆ ಹೋದಾಗ ದಟ್ಟ ಮಂಜು ಇಳಿಯಿತು. ದೀಪ ಹಚ್ಚಿದರೆ ಅದರ ಬೆಳಕು ಬಾಗಿಲೂ ದಾಟುತ್ತಿರಲಿಲ್ಲ. ಮಾರಕ್ಕ ತಾಮ್ರದ ಕೊಡ ತೆಗೆದುಕೊಂಡು ಬಂಡೆಯ ತುದಿಗೆ ಹೋಗಿ ಕಟ್ಟಿಗೆಯಿಂದ ಬಡಿಯತೊಡಗಿದಳು, ಮಗ ಸದ್ದು ಹಿಡಿದು ಬರಲಿ ಎಂದು. ಊರಿನವರು, ಅವನು ಬರುವುದಿಲ್ಲ, ಒಳಗೆ ಹೋಗು ಎಂದರು. ಅವಳು ಬಡಿಯುತ್ತಲೇ ಇದ್ದಳು. ಕೊನೆಗೆ ತೋಳು ಸೋತು, ಕೊಡ ಕೈಜಾರಿ ಬಂಡೆಯಿಂದ ಕೆಳಕ್ಕೆ ಉರುಳಿತು. ಅಷ್ಟಕ್ಕೆ ಸರಿಯಾಗಿ ನಮ್ಮ ಬುಡ್ಡಿಯ ಎಣ್ಣೆ ಮುಗಿಯಿತು. ನಾನು ಓದಿಟ್ಟುಕೊಂಡಿದ್ದ ಪುಟವೂ ಅಲ್ಲಿಗೇ ಮುಗಿದಿತ್ತು.

"ಆಮ್ಯಾಲೆ?" ಎಂದಳು ಅಜ್ಜಿ ಕತ್ತಲಲ್ಲಿ.

"ನಾಳೆ ಓದಿ ಹೇಳ್ತೀನಿ."

ಮಾರನೆಯ ದಿನ ಆಯುಧಪೂಜೆಯ ಹಿಂದಿನ ದಿನ. ಮಂದೆಯನ್ನು ಜೊತೆಯವರಿಗೆ ಒಪ್ಪಿಸಿ ಸಂಜೆಯ ಬಸ್ಸಿಗೆ ಮಾವ ಹಬ್ಬಕ್ಕೆ ಬರುವವನಿದ್ದ. ಬೆಳಿಗ್ಗೆಯೇ ನಾನು ಕೊನೆಯ ಪುಟಗಳನ್ನು ಗಟ್ಟಿಯಾಗಿ ಓದಿದೆ. ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದಳು, ಅರ್ಥವೇನಾದರೂ ಅಲ್ಲಿ ಸಿಗಬಹುದೇನೋ ಎಂಬಂತೆ. ಓದಿ ಮುಗಿಸಿ ಪುಸ್ತಕ ಮುಚ್ಚಿದೆ. ಅಜ್ಜಿ ಒಳಗೆ ಹೋದಳು, ಹೊರಗೆ ಬಂದಳು. ಒಲೆಯ ಮೇಲೆ ಸಾರು ಉಕ್ಕಿತು, ನೋಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನನ್ನ ಪಕ್ಕ ಬಂದು ಕೂತಳು.

"ಬದುಕಿದ್ನೋ ಇಲ್ವೋ, ಅಷ್ಟು ಹೇಳು ಸಾಕು."

"ಹಗಲು ಅಜ್ಜಿ. ಮಾವ ದಾರಿಯಾಗೈದಾನೆ."

"ಸುಮ್ನೆ ಹೇಳೇ. ಇಂಗ್ಲೀಷ್ ಕಥೆಗೆ ನಿನ್ ಮಾವನ ಗುರುತು ಎಲ್ಲಿ ಸಿಗ್ತೈತೆ?"

ತನ್ನ ತೀರ್ಪನ್ನು ತಾನೇ ಮುರಿಯಿತು ಹೈಕೋರ್ಟು. ನನಗೂ ಹೇಳುವ ಆಸೆ ಇತ್ತು. ಹೇಳಿದೆ. ಕೊಡ ಬಂಡೆಯಿಂದ ಬಂಡೆಗೆ ಬಡಿಯುತ್ತ ಉರುಳಿದ ಆ ದೊಡ್ಡ ಸದ್ದು ಮಗನಿಗೆ ಕೇಳಿಸಿತು. ಬಂಡೆ ತನ್ನ ದೋಣಿಯ ಮೂತಿಯ ಮುಂದೆಯೇ ಇದೆ ಎಂದು ತಿಳಿದು ಅವನು ದೋಣಿ ತಿರುಗಿಸಿದ. ಬೆಳಗಾದಾಗ ಅದೇ ಕೊಡವನ್ನು ಬಗಲಲ್ಲಿಟ್ಟುಕೊಂಡು ಮನೆಗೆ ಬಂದು, ಕೊಡ ಬಿಸಾಕಿದ್ದೀಯಲ್ಲವ್ವಾ, ನೀರಿಗೆ ಏನು ಮಾಡ್ತೀಯ ಎಂದು ಕೇಳಿದ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಎದ್ದು ಹೋಗಿ ಸಾರಿಗೆ ನೀರು ಹಾಕಿದಳು.

ಸಂಜೆ ಬಸ್ಸಿನ ಸದ್ದು ದೂರದ ಟಾರು ರೋಡಿನಲ್ಲಿ ಕೇಳಿತು. ಬಸ್ಸಿಳಿದವರು ಹಳ್ಳ ದಾಟಿ ನಡೆದು ಬರುವ ಹೊತ್ತಾಯಿತು. ಮಾವ ಬರಲಿಲ್ಲ. ಅದೇ ಬಸ್ಸಿನಲ್ಲಿ ಬಂದ ಪಕ್ಕದ ಮನೆಯ ಓಬಕ್ಕ, "ಕೆಂಚಪ್ಪ ನನ್ ಜೊತೆಗೇ ಇಳಿದ್ನಲ್ಲ, ಬೀಡಿ ತಗಂಡ್ ಬರ್ತೀನಿ ಅಂತ ಅಂಗಡಿ ಕಡೆ ಹೋದ," ಎಂದಳು. ಮೋಡ ಕವಿದಿತ್ತು. ಹಗಲು ಕಣ್ಣೆದುರೇ ಕಪ್ಪಾಗುತ್ತಿತ್ತು. ಹುಟ್ಟಿದಾಗಿನಿಂದ ನಡೆದ ದಾರಿಯಲ್ಲಿ ಒಬ್ಬ ಮನುಷ್ಯ ಎಲ್ಲಿ ಹೋಗಲು ಸಾಧ್ಯ? ಅಜ್ಜಿ ನನ್ನ ಮುಖ ನೋಡಲಿಲ್ಲ, ನಾನು ಅವಳದನ್ನು ನೋಡಲಿಲ್ಲ. ನನಗೆ ಅಳು ಬಂತು. ಮಾವ ಸತ್ತೇ ಹೋದ ಎಂದು ಅತ್ತೆನೋ, ಶಾಲೆ ಹೋಯಿತೆಂದು ಅತ್ತೆನೋ, ಎರಡೂ ಸೇರಿ ಒಂದೇ ಅಳುವಾಗಿತ್ತು.

"ಅಳಬ್ಯಾಡ. ಕೇಳ್ದೋಳು ನಾನು," ಎಂದಳು ಅಜ್ಜಿ. ದಾರಿಯ ಕಡೆ ನೋಡಿ, "ಅವ್ನು ಬರ್ಲಿಲ್ಲ ಅಂದ್ರೆ ಮಾತ್ರ ಈ ಮನೆಯಾಗೆ ಇನ್ನು ಕಥೇನೂ ಇಲ್ಲ, ಇಂಗ್ಲೀಷೂ ಇಲ್ಲ," ಎಂದಳು.

ಹಾಗೆಂದವಳು ಎದ್ದು ಒಳಗೆ ಹೋದಳು. ಬರುವಾಗ ಅವಳ ಒಂದು ಕೈಯಲ್ಲಿ ಮಾವ ಊಟ ಮಾಡುವ ಕಂಚಿನ ಗಂಗಾಳ, ಇನ್ನೊಂದರಲ್ಲಿ ಸೌಟು. ಮನೆಯ ಹಿಂದಿನ ದಿಬ್ಬ ಹತ್ತಿ ನಿಂತು ಬಡಿಯತೊಡಗಿದಳು. ಢಣ್, ಢಣ್. ನಮ್ಮೂರು ಅಂಥ ಸದ್ದನ್ನು ಗ್ರಹಣದ ಹೊತ್ತಿನಲ್ಲಿ ಬಿಟ್ಟರೆ ಕೇಳಿರಲಿಲ್ಲ. ಜನ ಬಾಗಿಲಿಗೆ ಬಂದರು, ಆಕಾಶ ನೋಡಿದರು.

"ಗ್ರಹಣ ಹಿಡೀತೇನಜ್ಜಿ?" ಓಬಕ್ಕ ಕೇಳಿದಳು.

"ನಿನ್ ಕೆಲ್ಸ ನೋಡ್ಕ ಹೋಗೇ," ಎಂದಳು ಅಜ್ಜಿ. ಬಡಿಯುವುದನ್ನು ನಿಲ್ಲಿಸಲಿಲ್ಲ. ಅವಳ ತೋಳು ಸೋತಾಗ ನಾನು ಬಡಿದೆ, ನನ್ನದು ಸೋತಾಗ ಅವಳು. ಕೊಡದ ಕಥೆ ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ಊರಿಗೆ ಅಜ್ಜಿಗೆ ತಲೆ ಕೆಟ್ಟಿದೆ ಎಂದಷ್ಟೇ ಗೊತ್ತಾಯಿತು.

ಕೊನೆಗೆ ಜಾಲಿಯ ಪೊದೆಗಳ ಕಡೆಯಿಂದ, ಯಾರೂ ಬರದ ದಿಕ್ಕಿನಿಂದ, ಒಂದು ಬೀಡಿಯ ಕಿಡಿ ಕಂಡಿತು. ಹಿಂದೆಯೇ ಮಾವನ ದನಿ:

"ಯವ್ವಾ, ಗಂಗಾಳ ಒಡೀತೈತೆ, ಬಿಡೇ."

ಅಜ್ಜಿ ಸೌಟು ಕೆಳಗಿಟ್ಟಳು. ಮಾವನ ಪಂಚೆಯ ತುಂಬ ಮುಳ್ಳು. ಆದದ್ದು ಇಷ್ಟು: ಮೇಲುಗಡೆ ಮಳೆಯಾಗಿ, ಓಬಕ್ಕ ದಾಟಿದ ಸ್ವಲ್ಪ ಹೊತ್ತಿಗೇ ಹಳ್ಳ ತುಂಬಿ ಬಂದಿತ್ತು. ಮಾವ ಮೇಲಿನ ದಾರಿ ಹಿಡಿದ. ಕತ್ತಲಲ್ಲಿ ಎತ್ತ ನಡೆದರೂ ಅದೇ ಹುಣಸೇಮರ ಎದುರಿಗೆ ಬರುತ್ತಿತ್ತಂತೆ. "ಅದೇನಾತೋ ಕಾಣೆ, ಕುರಿ ಕಾಯೋನು ನಾನು, ದಾರಿ ತಪ್ಪಿಬಿಟ್ಟೆ. ಈ ಸದ್ದು ಕೇಳಿ, ಓ ಇತ್ಲಾಗೈತೆ ಊರು ಅಂತ ಬಂದೆ," ಎಂದ. ಬಗಲಿನ ಚೀಲದಿಂದ ನನ್ನ ಲಂಗದ ಬಟ್ಟೆ ತೆಗೆದು ಕೊಟ್ಟ. ಒದ್ದೆಯಾಗಿತ್ತು. ಅಷ್ಟು ಚೆಂದದ ಬಟ್ಟೆಯನ್ನು ನಾನು ಆಮೇಲೆ ಉಟ್ಟಿಲ್ಲ.

ಹಬ್ಬದ ದಿನ ಅಪ್ಪ ಬಂದ. ರಾತ್ರಿ ಊಟವಾಗಿ, ಎಲೆಯಡಿಕೆ ಆಗಿ, "ಏನತ್ತೆ, ಇವಳ್ದೇನು ಮಾಡಾಣ?" ಎಂದು ಕೇಳಿದ. ನಾನು ಬಾಗಿಲ ಹಿಂದೆ ನಿಂತಿದ್ದೆ. ಮುಗಿಯಿತು, ನಾಳೆಯಿಂದ ಮರಿಗಳೇ ಎಂದು ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿದ್ದೆ.

ಅಜ್ಜಿ ಅಪ್ಪನಿಗೆ ಮಾರಕ್ಕನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ, ನನಗಿಂತ ಚೆನ್ನಾಗಿ ಹೇಳಿದಳು. ಆಮೇಲೆ ಅಂದಳು: "ನೋಡಪ್ಪಾ, ನಾನು ಇಂಗ್ಲೀಷು ಅಂದ್ರೆ ಕಾಗೆ ಕೂಗಿದಂಗೆ ಅನ್ಕಂಡಿದ್ದೆ. ಹಗಲು ಹೇಳಿದ್ಕೆ ಸೋದ್ರಮಾವನ್ನ ದಾರಿ ತಪ್ಸ್ತು. ದಾರಿ ತಪ್ಸಿದ್ದೂ ಅದೇ, ದಾರಿ ತೋರ್ಸಿದ್ದೂ ಅದೇ. ಅಂದ್ ಮ್ಯಾಲೆ ಇದು ಕಥೇನೇ ಬಿಡು. ಅಂಥಾವು ಇನ್ನೂ ಬಾಳ ಅವೆಯಂತೆ ಅವರ ಟ್ರಂಕಿನಾಗೆ. ಇವಳು ಓದ್ಲಿ."

ಮರಿಗಳನ್ನು ನೋಡಿಕೊಳ್ಳಲು ಅಪ್ಪ ಬೇರೆ ಯಾರನ್ನೋ ಹುಡುಕಿಕೊಂಡ. ನಾನು ಅಜ್ಜಿಯ ಹೆಬ್ಬೆಟ್ಟು ಹಾಕಿಸಿಕೊಂಡೆ. ಆದರೆ ಅವಳ ಮಾತನ್ನು ಇಂಗ್ಲಿಷಿಗೆ ತರುವಷ್ಟರಲ್ಲಿ ಉಳಿದ ರಜೆಯೆಲ್ಲ ಮುಗಿಯಿತು. ಇದು ಕಥೇನೇ ಬಿಡು ಎಂಬುದರಲ್ಲಿರುವ ಆ "ಬಿಡು"ವಿಗೆ ಡಿಕ್ಷನರಿಯಲ್ಲಿ ಸಿಕ್ಕ ಯಾವ ಮಾತೂ ಒಗ್ಗಲಿಲ್ಲ. ಏನೋ ಬರೆದುಕೊಂಡು ಹೋದೆ. ಮೇಷ್ಟ್ರು ಓದಿದರು, ಮತ್ತೊಮ್ಮೆ ಓದಿದರು, ಕನ್ನಡಕ ತೆಗೆದು, "ನಿಮ್ ಮಾವ ಈಗ ಹೇಗಿದಾರಮ್ಮ?" ಎಂದು ಕೇಳಿದರು. ಮಾರ್ಕ್ಸು ಸರಿಯಾಯಿತು. ಅಲ್ಲಿಂದಾಚೆ ಅವರು ಕಥೆಯ ಪಾಠ ಶುರು ಮಾಡುವ ಮೊದಲು ಕ್ಲಾಸಿನ ಕಡೆ ತಿರುಗಿ, "ಯಾರ ಸೋದರಮಾವ ಊರಲ್ಲಿಲ್ಲ, ಕೈ ಎತ್ತಿ," ಎನ್ನುತ್ತಿದ್ದರು. ನಾನು ಮೇಡಂ ಆದ ಮೇಲೂ ಅದನ್ನು ಕೇಳದೆ ಕಥೆಯ ಪಾಠ ಮಾಡಿದವಳಲ್ಲ. ಹೊಳಲ್ಕೆರೆಯ ಮಕ್ಕಳು ನನ್ನ ಬೆನ್ನ ಹಿಂದೆ ನನ್ನನ್ನು ಏನೆಂದು ಕರೆಯುತ್ತಿದ್ದರು ಎಂಬುದನ್ನು ನೀವೇ ಊಹಿಸಬಹುದು.

ಈಗ ಅನನ್ಯಳ ಕುರ್ಚಿಯ ಹತ್ತಿರ ಬರೋಣ. ಅವಳ ಸೋದರಮಾವ ಎಂದರೆ ನನ್ನ ಮಗ ತಿಪ್ಪೇಶ, ಹಿರಿಯೂರು ಹೊಸದುರ್ಗದ ನಡುವೆ ಬಸ್ಸು ಓಡಿಸುತ್ತಾನೆ. ಕಥೆಗೆ ಮೊದಲು ಅವನಿಗೆ ಫೋನು ಮಾಡಿದೆ.

"ಎಲ್ಲಿದೀಯಪ್ಪ?"

"ಹೊಸದುರ್ಗ ಸ್ಟ್ಯಾಂಡಲ್ಲಿ, ಟೀ ಕುಡೀತಿದೀನಿ. ಯಾಕಮ್ಮಾ, ಕಥೇನಾ? ಹೇಳ್ಸು ಹೇಳ್ಸು, ಗಾಡಿ ನಿಂತೈತೆ," ಎಂದು ನಕ್ಕ. ಅವನಿಗೆ ಇದು ರೂಢಿ.

ಅನನ್ಯಳಿಗೆ ಹಳೆಯದೆಲ್ಲ ಹೇಳಬೇಕಾಯಿತು. ಬಿದ್ದು ಬಿದ್ದು ನಕ್ಕಳು. "ಫೋನಲ್ಲೇ ಮ್ಯಾಪ್ ಇದೆ ಅಜ್ಜಿ, ಈಗ ಯಾವ ಮಾವ ದಾರಿ ತಪ್ತಾನೆ?" ಎಂದಳು. ಆಮೇಲೆ ತನ್ನ ಕಥೆ ಹೇಳಿದಳು. ನಾನು ಹ್ಞೂಂಗುಟ್ಟಿದೆ. ಕಥೆ ಚೆನ್ನಾಗಿಯೇ ಇತ್ತು. ಹೇಗಿತ್ತು ಎಂದು ಕೇಳಿದ್ದಕ್ಕೆ, ಸಂಜೆ ಹೇಳುತ್ತೇನೆ ಎಂದೆ.

ಸಂಜೆ ತಿಪ್ಪೇಶ ಡ್ಯೂಟಿ ಮುಗಿಸಿ ಮನೆಗೆ ಬರುವ ಹೊತ್ತಿಗೆ ಬರಲಿಲ್ಲ. ಫೋನು ಸ್ವಿಚ್ ಆಫ್. ಜೋಗಿಮಟ್ಟಿ ಗುಡ್ಡದ ಮೇಲೆ ಮೋಡ ಇಳಿದಿತ್ತು. "ಎಲ್ಲೋ ರೋಡ್ ಕೆಲಸ ನಡೀತಿರಬೇಕು," ಎಂದೆ. ಅನನ್ಯ ಹೂಂ ಎಂದಳು. ಗೇಟಿನವರೆಗೆ ಹೋಗಿ ಬಂದಳು, ಮತ್ತೆ ಹೋದಳು. ಫೋನು ನೋಡಿದಳು. ನಾನು ಬೇಳೆ ತೊಳೆಯುತ್ತಿದ್ದಾಗ ಅಡುಗೆಮನೆಗೆ ಬಂದು ಏನೋ ತೆಗೆದುಕೊಂಡು ಹೋದಂತಾಯಿತು. ಸ್ವಲ್ಪ ಹೊತ್ತಿಗೆ ಟೆರೇಸಿನ ಮೇಲಿಂದ ಸದ್ದು ಕೇಳಿತು. ಸ್ಟೀಲ್ ತಟ್ಟೆಯ ಸದ್ದು, ಕಂಚಿನಷ್ಟು ಗಂಭೀರವಲ್ಲ, ಆದರೆ ಬಡಿಯುವ ಕೈ ನಮ್ಮ ಮನೆಯದೇ.

ಪಕ್ಕದ ಮನೆಯಾಕೆ ಕಿಟಕಿ ತೆರೆದು, "ಏನ್ ಮೇಡಂ, ಇವತ್ತು ಗ್ರಹಣಾನಾ?" ಎಂದರು.

"ಅಲ್ಲ ರೀ, ಇಂಗ್ಲಿಷ್ ಪ್ರಾಜೆಕ್ಟು," ಎಂದೆ.

ತಿಪ್ಪೇಶ ಬಂದ. ಸೇತುವೆಯ ಹತ್ತಿರ ರಸ್ತೆ ಅಗೆದಿದ್ದರಂತೆ, ಬಸ್ಸನ್ನು ಗೊತ್ತಿಲ್ಲದ ಹಳ್ಳಿಗಳ ಮೇಲೆ ಸುತ್ತಿಸಿಕೊಂಡು ಬಂದನಂತೆ, ಚಾರ್ಜು ಬೇರೆ ಖಾಲಿ. ಅನನ್ಯ ಮೆಟ್ಟಿಲು ಇಳಿದು ಬಂದು ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟು, ಕಣ್ಣೊರೆಸಿಕೊಂಡು, ಟ್ಯೂಬ್‌ಲೈಟಿನ ಕೆಳಗೆ ಮತ್ತೆ ಫೋನು ನಿಲ್ಲಿಸಿದಳು. "ಈಗ ಹೇಳಜ್ಜಿ, ನನ್ ಕಥೆ ಹೇಗಿತ್ತು?"

"ಇದು ಕಥೇನೇ ಬಿಡು," ಎಂದೆ.

ಅದನ್ನು ಇಂಗ್ಲಿಷಿನಲ್ಲಿ ಏನೆಂದು ಬರೆಯುವುದು ಎಂದು ಅವಳು ಪೆನ್ನು ಕಚ್ಚುತ್ತ ಕೂತಿದ್ದಾಳೆ. ಮೇಡಂ ಆಗಿದ್ದೆಯಲ್ಲ, ಹೇಳಿಕೊಡು ಎಂದು ದುಂಬಾಲು ಬಿದ್ದಿದ್ದಾಳೆ. ನನಗೂ ಇನ್ನೂ ಬರುವುದಿಲ್ಲ ಎಂದು ಹೇಗೆ ಹೇಳಲಿ? ಯೋಚನೆ ಮಾಡು ಎಂದಿದ್ದೇನೆ. ಹೇಗೂ ರಜೆ ಇದೆ.